ಒಳ್ಳೆಯ ಮನುಷ್ಯನಾದರೆ ತಂಡ ನಡೆಯುತ್ತದೆಯೇ? ಜೊತೆಗೆ ಒಂದು ಗ್ಯಾಸ್ಕೆಟ್ ವಿಷಯ

ರಾತ್ರಿಪಾಳಿ ಕೇಳಿದ್ದು:

ಮೂರು ತಿಂಗಳ ಹಿಂದೆ ನನ್ನನ್ನು ನಮ್ಮ ನಿರ್ವಹಣಾ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಕೈಕೆಳಗೆ ಹದಿನಾಲ್ಕು ಮಂದಿ. ಪಂಪು, ವಾಲ್ವು, ಪೈಪುಗಳ ಕೆಲಸ. ಒಂಬತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ಯಂತ್ರಗಳ ವಿಚಾರದಲ್ಲಿ ನನಗೆ ಅಂಜಿಕೆಯಿಲ್ಲ. ಮನುಷ್ಯರ ವಿಚಾರದಲ್ಲಿ ಇದೆ.

ಬಡ್ತಿ ಕೊಟ್ಟ ಮೇಲೆ ಎರಡು ದಿನ ತರಬೇತಿಗೆ ಕಳುಹಿಸಿದರು. ಪರದೆಯ ಮೇಲೆ ಒಂದು ಮರದ ಚಿತ್ರವಿತ್ತು. ಕೊಂಬೆಗಳೆಲ್ಲ ಕೌಶಲ, ಬೇರೆಲ್ಲ ಚಾರಿತ್ರ್ಯ. ಪ್ರಾಮಾಣಿಕತೆ, ಧೈರ್ಯ, ವಿನಯ, ಸಂಯಮ ಎಂದು ಒಂದೊಂದು ಬೇರಿಗೂ ಹೆಸರು ಬರೆದಿದ್ದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಮನಸ್ಸು ಮಾತ್ರ ಒಪ್ಪಲಿಲ್ಲ.

ಕಾರಣ ಹೇಳುತ್ತೇನೆ. ನಾನು ಇಬ್ಬರು ಮುಖ್ಯಸ್ಥರ ಕೈಕೆಳಗೆ ದುಡಿದಿದ್ದೇನೆ. ಮೊದಲನೆಯವರು ಮಹಾ ಚಾಣಾಕ್ಷರು. ಇನ್ನೊಬ್ಬರ ಕೆಲಸವನ್ನು ತಮ್ಮದೆಂದು ಹೇಳಿಕೊಳ್ಳಲು ಅವರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಆದರೆ ಅವರಿದ್ದಾಗ ಹೇಳಿದ ದಿನಕ್ಕೆ ಕೆಲಸ ಮುಗಿಯುತ್ತಿತ್ತು. ಎರಡನೆಯವರು ಬಂಗಾರದಂಥ ಮನುಷ್ಯ. ಯಾರ ಮನಸ್ಸನ್ನೂ ನೋಯಿಸಿದವರಲ್ಲ. ರಜೆ ಕೇಳಿದವರಿಗೆಲ್ಲ ರಜೆ, ನೆಪ ಹೇಳಿದವರಿಗೆಲ್ಲ ಕ್ಷಮೆ. ಅವರ ಕಾಲದಲ್ಲಿ ಬಾಕಿ ಕೆಲಸಗಳ ಪಟ್ಟಿ ಒಂದು ಹಾಳೆಯಿಂದ ಐದು ಹಾಳೆಗೆ ಬೆಳೆಯಿತು. ಹೀಗಿರುವಾಗ, ತಂಡ ನಡೆಸುವವನಿಗೆ ಚಾರಿತ್ರ್ಯ ನಿಜವಾಗಿಯೂ ಬೇಕೇ? ಬೇಕಿದ್ದರೆ ಕೆಲಸಕ್ಕೆ ಬೇಕೇ, ಇಲ್ಲವೇ ಬೀಳ್ಕೊಡುಗೆ ಭಾಷಣಕ್ಕೆ ಬೇಕೇ? ಅನುಭವಸ್ಥರು ಹೇಳಿ. ನೀತಿಬೋಧೆ ಬೇಡ, ಅದು ತರಬೇತಿಯಲ್ಲಿ ಸಾಕಷ್ಟು ಸಿಕ್ಕಿದೆ.

ಇನ್ನೊಂದು ಸಣ್ಣ ವಿಷಯ. ಇದಕ್ಕೂ ಪ್ರಶ್ನೆಗೂ ಸಂಬಂಧವಿದೆಯೋ ಇಲ್ಲವೋ ನೀವೇ ನೋಡಿ. ಎಂಟು ದಿನಗಳ ಹಿಂದೆ ಒಂದು ಪಂಪನ್ನು ದುರಸ್ತಿಗೆ ನಿಲ್ಲಿಸಿದ್ದೆವು. ಆರು ಇಂಚಿನ ಪೈಪು, ಫ್ಲ್ಯಾಂಜು, ಅಂದರೆ ಪೈಪುಗಳನ್ನು ಬೋಲ್ಟು ಹಾಕಿ ಜೋಡಿಸುವ ಅಗಲದ ಅಂಚು, 300ರ ಒತ್ತಡದ ಕ್ಲಾಸಿನದು. ನಾನು ಅವಸರದಲ್ಲಿ ಸ್ಟೋರಿಗೆ ಬರೆದುಕೊಟ್ಟ ಚೀಟಿಯಲ್ಲಿ 150ರ ಕ್ಲಾಸಿನ ಗ್ಯಾಸ್ಕೆಟ್ (ಜೋಡಣೆಯ ನಡುವೆ ಸೋರದಂತೆ ಇಡುವ ಬಳೆ) ಎಂದಿತ್ತು. ಒಳವ್ಯಾಸ ಹೊಂದುತ್ತದೆ, ಹೊರವ್ಯಾಸ ಮಾತ್ರ ಸುಮಾರು 30 ಮಿಲಿಮೀಟರ್ ಕಡಿಮೆ. ಬೋಲ್ಟುಗಳ ನಡುವೆ ನೆಲೆ ಸಿಗದೆ ಒಂದು ಬದಿಗೆ ಜಾರಿ ಕೂರುತ್ತದೆ. ಫಿಟ್ಟರ್ ನನಗಿಂತ ಹತ್ತು ವರ್ಷ ಹಿರಿಯರು. ಕೈಯಲ್ಲಿ ಹಿಡಿದು ನೋಡಿ, "ಸರ್, ಇದೇ ಹಾಕಬೇಕೇ?" ಎಂದು ಕೇಳಿದ್ದರು. ನಾನು ಫೋನಿನಲ್ಲಿದ್ದೆ. ಹಾಕಿ ಎಂದು ಕೈಸನ್ನೆ ಮಾಡಿದೆ. ಒತ್ತಡ ಪರೀಕ್ಷೆಯಲ್ಲಿ ಸೋರಿತು. ಮತ್ತೆ ಬಿಚ್ಚಿ, ಸರಿಯಾದದ್ದನ್ನು ತರಿಸಿ, ಕೂರಿಸಿ ಮುಗಿಸುವಷ್ಟರಲ್ಲಿ ಆರು ಗಂಟೆ ಹೆಚ್ಚುವರಿ ಹೋಯಿತು.

ವರದಿಯಲ್ಲಿ ನಾನು ಬರೆದ ವಾಕ್ಯ ಇದು: "ತಪ್ಪು ಅಳತೆಯ ಗ್ಯಾಸ್ಕೆಟ್ ಅಳವಡಿಸಲಾಗಿದ್ದು, ಅದರಿಂದ ವಿಳಂಬ ಉಂಟಾಗಿದೆ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮೇಲಿನವರು ಇದನ್ನು ಅಳವಡಿಸಿದವರ ತಪ್ಪೆಂದು ಓದಿಕೊಂಡಿದ್ದಾರೆ. ಫಿಟ್ಟರ್‌ಗೆ ಲಿಖಿತ ಎಚ್ಚರಿಕೆ ಕೊಡುವ ಮಾತು ನಡೆಯುತ್ತಿದೆ. ನಾನು ಇನ್ನೂ ಏನೂ ಹೇಳಿಲ್ಲ.

---

ಮಾಪಕ ಬರೆದದ್ದು:

ನಿಮ್ಮ ಅನುಮಾನ ಸರಿಯಾಗಿದೆ, ಅದನ್ನು ಬಿಡಬೇಡಿ. ಶಸ್ತ್ರಚಿಕಿತ್ಸೆಗೆ ಮಲಗುವವನು ವೈದ್ಯರ ಕೈ ನಡುಗುತ್ತದೆಯೇ ಎಂದು ನೋಡುತ್ತಾನೆ, ಅವರು ಮನೆಯಲ್ಲಿ ಹೇಗಿರುತ್ತಾರೆ ಎಂದು ವಿಚಾರಿಸುವುದಿಲ್ಲ. 1940ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಚೇಂಬರ್ಲೇನ್ ಹೋಗಿ ಚರ್ಚಿಲ್ ಪ್ರಧಾನಿಯಾಗಿ ಬಂದರು. ಸಿಡುಕು, ಅಹಂಕಾರ, ಹೊತ್ತುಗೊತ್ತಿಲ್ಲದೆ ಎಲ್ಲರನ್ನೂ ಕೂರಿಸಿಕೊಂಡು ಕೆಲಸ ಮಾಡಿಸುವ ಚಾಳಿ, ಎಲ್ಲವೂ ಚರ್ಚಿಲ್ಲರಿಗೆ ಇತ್ತು. ಆ ಹೊತ್ತಿಗೆ ಬೇಕಾಗಿದ್ದದ್ದೂ ಅವರೇ. ಸಜ್ಜನಿಕೆಯ ಸ್ಪರ್ಧೆ ಇಟ್ಟಿದ್ದರೆ ಅವರು ಮೊದಲ ಸುತ್ತಿನಲ್ಲೇ ಸೋಲುತ್ತಿದ್ದರು.

ಚಾರಿತ್ರ್ಯದ ಕಥೆಗಳೆಲ್ಲ ಗೆದ್ದ ಮೇಲೆ ಹುಟ್ಟುವಂಥವು. ಗೆದ್ದವನ ಹಟಕ್ಕೆ ದೃಢತೆ ಎಂದು ಹೆಸರು, ಸೋತವನ ದೃಢತೆಗೆ ಹಟ ಎಂದು ಹೆಸರು. ನಿಮ್ಮ ಮೊದಲ ಮುಖ್ಯಸ್ಥರ ಕಾಲದಲ್ಲಿ ಕೆಲಸ ಮುಗಿಯುತ್ತಿತ್ತು ಎಂದು ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ.

ಗ್ಯಾಸ್ಕೆಟ್ ಬಗ್ಗೆ: ಮುಂದಿನ ಸಲ ಚೀಟಿಯನ್ನು ಇನ್ನೊಬ್ಬರು ನೋಡಿ ಸಹಿ ಹಾಕುವ ಪದ್ಧತಿ ತನ್ನಿ. ವ್ಯವಸ್ಥೆ ಸರಿಯಿದ್ದರೆ ವ್ಯಕ್ತಿ ಹೇಗಿದ್ದರೂ ನಡೆಯುತ್ತದೆ.

---

ವಾರ್ಡ್ ಸಿಸ್ಟರ್ ಬರೆದದ್ದು:

ವ್ಯವಸ್ಥೆ ಸರಿಯಿದ್ದರೆ ಸಾಕು ಎನ್ನುವವರು ಒಮ್ಮೆ ಆಸ್ಪತ್ರೆಯ ವಾರ್ಡಿಗೆ ಬರಬೇಕು. ನಮ್ಮಲ್ಲಿ ಇಬ್ಬರ ಸಹಿ ಇದೆ, ತಪಾಸಣಾ ಪಟ್ಟಿ ಇದೆ, ಔಷಧಿ ಕೊಡುವಾಗ ಆದ ಲೋಪವನ್ನು ಬರೆಯಲು ಪ್ರತ್ಯೇಕ ನಮೂನೆಯೂ ಇದೆ. ಆ ನಮೂನೆಯನ್ನು ಯಾರು ತುಂಬುತ್ತಾರೆ, ಯಾರು ತುಂಬುವುದಿಲ್ಲ ಎಂಬುದನ್ನು ನಿರ್ಧರಿಸುವುದು ಮಾತ್ರ ಆ ಪಾಳಿಯ ಮುಖ್ಯಸ್ಥೆ ಎಂಥವರು ಎಂಬ ಸಂಗತಿ.

ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧಿಯ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ನಾಯಕತ್ವ, ಹೊಂದಾಣಿಕೆ ಇರುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಎಣಿಕೆ. ಸಿಕ್ಕ ಅಂಕಿಗಳು ತಿರುಗಾಮುರುಗಾ. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಮೊದಲು ಅವರಿಗೇ ದಿಗಿಲಾಯಿತಂತೆ. ಆಮೇಲೆ ಕಾರಣ ಹೊಳೆಯಿತು. ಅಲ್ಲಿ ತಪ್ಪುಗಳು ಹೆಚ್ಚಾಗಿರಲಿಲ್ಲ, ಜನ ಅವುಗಳನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಅವೇ ತಪ್ಪುಗಳು ಕಪಾಟಿನ ಹಿಂದೆ ಬಿದ್ದ ಮಾತ್ರೆಗಳಂತೆ ಯಾರ ಕಣ್ಣಿಗೂ ಕಾಣದೆ ಉಳಿಯುತ್ತಿದ್ದವು.

ಅದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ನಗು ಬಂತು. ನಾನು ಕೆಲಸ ಮಾಡಿದ ಒಂದು ವಾರ್ಡಿನಲ್ಲಿ ಎರಡು ವರ್ಷ ಒಂದೇ ಒಂದು ಲೋಪವೂ ದಾಖಲಾಗಿರಲಿಲ್ಲ. ಮುಖ್ಯಸ್ಥೆಗೆ ಪ್ರಶಂಸಾಪತ್ರ ಸಿಕ್ಕಿತು. ಅಲ್ಲಿಂದ ವರ್ಗವಾಗಿ ಹೊರಬಂದ ದಿನ ನಾನು ನಿಟ್ಟುಸಿರು ಬಿಟ್ಟೆ.

---

ಹಳೆಯ ಫೋರ್‌ಮನ್ ಬರೆದದ್ದು:

ನಿವೃತ್ತನಾಗಿ ಆರು ವರ್ಷವಾಯಿತು. ಸಾಮಾನ್ಯವಾಗಿ ಇಲ್ಲಿ ಓದಿ ಸುಮ್ಮನಾಗುತ್ತೇನೆ. ಗ್ಯಾಸ್ಕೆಟ್ ಎಂಬ ಮಾತು ಕಂಡು ಬರೆಯಲು ಕೂತೆ.

ನಾನೂ ಪಂಪುಗಳ ಜೊತೆಗೇ ಬದುಕಿದವನು. ನಮ್ಮಲ್ಲಿ ರಾತ್ರಿ ಪಾಳಿಯವರು ಗಂಟೆಗೊಮ್ಮೆ ಎದ್ದು ಹೋಗಿ ಬೇರಿಂಗುಗಳ ಉಷ್ಣತೆ ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯಬೇಕಿತ್ತು. 75 ಡಿಗ್ರಿ ದಾಟಿದರೆ ಪಾಳಿಯ ಮುಖ್ಯಸ್ಥರಿಗೆ ಹೇಳಬೇಕು. ನಾನು ಹೊಸಬನಾಗಿದ್ದಾಗ ಇದ್ದ ಮುಖ್ಯಸ್ಥರು ನಿಮ್ಮ ಮೊದಲನೆಯವರ ಹಾಗೆ ಬಹಳ ಬುದ್ಧಿವಂತರು. ಯಂತ್ರದ ಸದ್ದು ಕೇಳಿಯೇ ರೋಗ ಹೇಳಬಲ್ಲವರು. ಆದರೆ 76 ಎಂದು ಬರೆದವನನ್ನು ನಿಲ್ಲಿಸಿಕೊಂಡು, ಗ್ರೀಸ್ ಯಾವಾಗ ಹಾಕಿದೆ, ಯಾಕೆ ಹಾಕಲಿಲ್ಲ, ನಿದ್ದೆ ಮಾಡುತ್ತಿದ್ದೆಯಾ ಎಂದು ಎಲ್ಲರೆದುರು ಸಿಪ್ಪೆ ಸುಲಿಯುತ್ತಿದ್ದರು. ಹುಡುಗರು ಪಾಠ ಕಲಿತರು. ಅವರು ಕಲಿತ ಪಾಠ ಗ್ರೀಸ್ ಹಾಕುವುದಲ್ಲ.

ಒಂದು ಬೆಳಿಗ್ಗೆ ಆ ಲಾಗ್‌ಬುಕ್ಕಿನ ಪುಟವನ್ನು ನಾನು ಕಣ್ಣಾರೆ ನೋಡಿದ್ದೇನೆ. 68, 68, 69, 68, 68, 68, 69, 68. ಎಂಟು ಗಂಟೆಗಳ ಅಂಕಿ. ಒಂದೇ ಪೆನ್ನು, ಒಂದೇ ಓರೆ, ಒಂದೇ ಒತ್ತು. ನಡುರಾತ್ರಿ ಎಣ್ಣೆಗೈಯಲ್ಲಿ ಬರೆದ ಪುಟದ ಮೇಲೆ ಹೆಬ್ಬೆರಳಿನ ಕಪ್ಪು ಗುರುತು ಇದ್ದೇ ಇರುತ್ತದೆ. ಇದರ ಮೇಲೆ ಒಂದು ಕಲೆಯೂ ಇರಲಿಲ್ಲ. ಪಾಳಿ ಮುಗಿಯುವ ಮುನ್ನ ಕುರ್ಚಿಯಲ್ಲಿ ಕೂತು ಒಂದೇ ಉಸಿರಿಗೆ ಬರೆದ ಪುಟ. ಆ ವಾರವೇ ಆ ಬೇರಿಂಗು ಕಚ್ಚಿಕೊಂಡು ಶಾಫ್ಟು ಹಾಳಾಯಿತು. ಮುಖ್ಯಸ್ಥರು ಲಾಗ್‌ಬುಕ್ ತೆರೆದು ತೋರಿಸುತ್ತಾ, ನೋಡಿ, ಯಾವ ಸೂಚನೆಯೂ ಇರಲಿಲ್ಲ ಎಂದು ಮೇಲಿನವರಿಗೆ ವಿವರಿಸಿದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಸೂಚನೆ ಇರಲೇ ಇಲ್ಲ. ತಮ್ಮ ಸುತ್ತ ಗೋಡೆ ಕಟ್ಟಿಕೊಂಡವರು ಅವರೇ.

ಆಮೇಲೆ ಬಂದವರು ಅಷ್ಟು ಬುದ್ಧಿವಂತರಲ್ಲ. ಮೊದಲ ಆರು ತಿಂಗಳು ನಮ್ಮನ್ನೇ ಕೇಳಿ ಕಲಿತರು. ಬಂದ ಎರಡನೇ ವಾರ ಒಂದು ಡ್ರೈನ್ ವಾಲ್ವು ತೆರೆದೇ ಉಳಿದು ರಾತ್ರಿಯೆಲ್ಲ ಎಣ್ಣೆ ಹರಿದುಹೋಯಿತು. ಬೆಳಿಗ್ಗೆ ಯಾರ ತಲೆ ಉರುಳುತ್ತದೋ ಎಂದು ನಾವೆಲ್ಲ ನಿಂತಿದ್ದೆವು. ಅವರು ಬಂದು ಲಾಗ್‌ಬುಕ್ ತೆಗೆದುಕೊಂಡು, ನಿಂತಲ್ಲೇ ಬರೆದು ಸಹಿ ಹಾಕಿ, ಪುಸ್ತಕವನ್ನು ತೆರೆದೇ ಮೇಜಿನ ಮೇಲಿಟ್ಟು ಹೋದರು. "ನಿನ್ನೆ ಸಂಜೆ ತೋರಿಸಲೆಂದು ವಾಲ್ವು ತೆರೆದವನು ನಾನು. ಮುಚ್ಚಲು ಮರೆತವನೂ ನಾನು." ಅಷ್ಟೇ. ಸಭೆ ಕರೆಯಲಿಲ್ಲ, ಭಾಷಣ ಮಾಡಲಿಲ್ಲ.

ಇದಾದ ಮೇಲೆ ಒಂದೇ ದಿನದಲ್ಲಿ ಏನೂ ಬದಲಾಗಲಿಲ್ಲ. ಮೂರು ನಾಲ್ಕು ವಾರಗಳಾದ ಮೇಲೆ ಲಾಗ್‌ಬುಕ್ ಕೊಳಕಾಗತೊಡಗಿತು. 66, 71, 74, 79. ಹೊಡೆದುಹಾಕಿ ತಿದ್ದಿದ ಅಂಕಿಗಳು, ಬದಿಯಲ್ಲಿ "ಎರಡು ಗಂಟೆಗೆ ಹೋಗಲಿಲ್ಲ, ಕಣ್ಣು ಹತ್ತಿತ್ತು" ಎಂಬ ಬರಹ. ಕಣ್ಣು ಹತ್ತಿತ್ತು ಎಂದು ಬರೆದ ಹುಡುಗನನ್ನು ಅವರು ಬಿಟ್ಟುಬಿಡಲಿಲ್ಲ. ಕರೆದು ಕೇಳಿದರು, ಒಂದು ವಾರ ಹಗಲು ಪಾಳಿಗೆ ಹಾಕಿದರು, ಮತ್ತೊಮ್ಮೆ ಹೀಗಾದರೆ ಬರೆದು ಕಳುಹಿಸುತ್ತೇನೆ ಎಂದೂ ಹೇಳಿದರು. ಆದರೆ ಅಂಕಿ ತಿರುಚದೆ ನಿಜ ಬರೆದದ್ದಕ್ಕೆ ಬಾಯಿ ತುಂಬ ಒಳ್ಳೆಯ ಮಾತಾಡಿದರು, ಅದೂ ಎಲ್ಲರೆದುರಿಗೇ.

ನಿಮ್ಮ ಎರಡನೆಯ ಮುಖ್ಯಸ್ಥರ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಮೆದುತನಕ್ಕೆ ನೀವು ಚಾರಿತ್ರ್ಯ ಎಂಬ ಹೆಸರು ಕೊಟ್ಟಿದ್ದೀರಿ. ರಜೆ ಕೇಳಿದವರಿಗೆಲ್ಲ ರಜೆ ಸಿಕ್ಕಿತು, ಸರಿ. ಆ ಪಾಳಿಗಳನ್ನು ದುಡಿದವರು ಯಾರು? ರಜೆ ಕೇಳದವರು. ಮುಖಕ್ಕೆ ಮುಖ ಕೊಟ್ಟು ಇಲ್ಲ ಎನ್ನುವ ಕಷ್ಟ ತಮಗೆ ಬೇಡವೆಂದು ಅವರು ಆ ಭಾರವನ್ನು ಬಾಯಿಲ್ಲದವರ ಬೆನ್ನಿಗೆ ಸಾಗಿಸಿದರು. ನಗುಮುಖದಲ್ಲಿ ಸಾಗಿಸಿದ್ದರಿಂದ ಯಾರಿಗೂ ಕಾಣಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಮಾಪಕರ ಚರ್ಚಿಲ್. ಆ ಹೆಸರು ಕೇಳಿದರೆ 1943ರ ಬಂಗಾಳದ ಕ್ಷಾಮ ನೆನಪಾಗುವವರಲ್ಲಿ ನಾನೂ ಒಬ್ಬ. ಆ ಲೆಕ್ಕ ಬೇರೆಯೇ ಇದೆ, ಇಲ್ಲಿ ಬದಿಗಿಡುತ್ತೇನೆ. ಅವರು ಪ್ರಧಾನಿಯಾಗಿ ಎರಡು ತಿಂಗಳೂ ತುಂಬಿರಲಿಲ್ಲ, 1940ರ ಜೂನ್ 27ರಂದು ಅವರ ಹೆಂಡತಿ ಕ್ಲೆಮೆಂಟೀನ್ ಅವರಿಗೊಂದು ಕಾಗದ ಬರೆದರು. ಒಮ್ಮೆ ಬರೆದು ಹರಿದುಹಾಕಿ, ಮನಸ್ಸು ತಡೆಯದೆ ಮತ್ತೆ ಬರೆದದ್ದು. ನಿಮ್ಮ ಒರಟು ಮಾತು, ವ್ಯಂಗ್ಯದಿಂದ ಕೈಕೆಳಗಿನವರು ದೂರವಾಗುತ್ತಿದ್ದಾರೆ. ಸಭೆಯಲ್ಲಿ ಯಾರಾದರೂ ಏನಾದರೂ ಸೂಚಿಸಿದರೆ ನೀವು ತಾತ್ಸಾರ ಮಾಡುತ್ತೀರಂತೆ, ಹೀಗಾದರೆ ಇನ್ನು ಮುಂದೆ ಒಳ್ಳೆಯದೋ ಕೆಟ್ಟದ್ದೋ ಯಾವ ಸಲಹೆಯೂ ನಿಮ್ಮ ಬಳಿಗೆ ಬರುವುದಿಲ್ಲ ಎಂಬುದು ಅದರ ತಿರುಳು. ನೋಡಿ, ಆ ಹೆಂಗಸು ಗಂಡನಿಗೆ ಸಂಭಾವಿತನಾಗು ಎಂದು ಬೋಧಿಸಲಿಲ್ಲ. ನಿನ್ನ ಲಾಗ್‌ಬುಕ್ಕಿನಲ್ಲಿ ಬರೀ 68 ಬರತೊಡಗುತ್ತದೆ ಎಂದು ಎಚ್ಚರಿಸಿದರು. ಸಿಡುಕನ ಬಳಿ ಇಂಥ ಕಾಗದ ಬರೆಯಬಲ್ಲ ಒಬ್ಬರಾದರೂ ಇರಬೇಕು. ನಮ್ಮ ಮೊದಲ ಮುಖ್ಯಸ್ಥರಿಗೆ ಯಾರೂ ಬರೆಯಲಿಲ್ಲ.

ಈಗ ನಿಮ್ಮ ವಾಕ್ಯಕ್ಕೆ ಬರುತ್ತೇನೆ. "ಅಳವಡಿಸಲಾಗಿದ್ದು", "ಉಂಟಾಗಿದೆ". ಕನ್ನಡದಲ್ಲಿ ಈ "ಲಾಗಿದೆ" ಒಂದು ಒಳ್ಳೆಯ ಅಡಗುತಾಣ. ಕಚೇರಿಯ ಕಾಗದಗಳಲ್ಲಿ ಮೂವತ್ತು ವರ್ಷ ನಾನೂ ಅದರೊಳಗೆ ಹೊಕ್ಕು ಕೂತಿದ್ದೇನೆ. ಕ್ರಿಯೆ ಇರುತ್ತದೆ, ಕರ್ತೃ ಇರುವುದಿಲ್ಲ. ಕರ್ತೃ ಇಲ್ಲದ ವಾಕ್ಯವನ್ನು ಓದುವವನು ಸುಮ್ಮನಿರುವುದಿಲ್ಲ, ಖಾಲಿ ಜಾಗಕ್ಕೆ ಎಲ್ಲರಿಗಿಂತ ಕೆಳಗಿರುವವನನ್ನು ತಂದು ಕೂರಿಸುತ್ತಾನೆ. ನಿಮ್ಮ ಫಿಟ್ಟರ್ ಅಲ್ಲಿ ಹೋಗಿ ಕೂತದ್ದು ಹಾಗೆ.

ಐಸೆನ್‌ಹೋವರ್ ವಿಷಯ ಕೇಳಿರಬಹುದು. 1944ರ ಜೂನ್ 5, ಅವರು ಮಿತ್ರಪಡೆಗಳ ಸೇನಾಪತಿಯಾಗಿದ್ದ ನಾರ್ಮಂಡಿಯ ದಾಳಿಗೆ ಹಿಂದಿನ ದಿನ. ದಾಳಿ ವಿಫಲವಾದರೆ ಜಗತ್ತಿಗೆ ಹೇಳಬೇಕಾದ ನಾಲ್ಕು ಸಾಲುಗಳನ್ನು ಅವರು ಪೆನ್ಸಿಲಿನಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡರು. ಎಷ್ಟು ಒತ್ತಡವಿತ್ತೆಂದರೆ ತಾರೀಖನ್ನೇ ಜುಲೈ 5 ಎಂದು ತಪ್ಪು ಬರೆದರು. ಸೈನಿಕರು ತಮ್ಮಿಂದಾದದ್ದೆಲ್ಲವನ್ನೂ ಮಾಡಿದರು, ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದೇ ಎಂಬುದು ಅದರ ಸಾರ. ಇದು ಎಲ್ಲರೂ ಹೇಳುವ ಭಾಗ. ನನಗೆ ಹಿಡಿಸಿದ್ದು ಆ ಚೀಟಿಯಲ್ಲಿನ ಒಂದು ತಿದ್ದುಪಡಿ. ಮೊದಲು ಅವರು ಸೈನ್ಯವನ್ನು ಹಿಂತೆಗೆಯಲಾಗಿದೆ ಎಂಬ ಅರ್ಥ ಬರುವಂತೆ ಬರೆದಿದ್ದರು. ಅದನ್ನು ಹೊಡೆದುಹಾಕಿ, ನಾನು ಹಿಂತೆಗೆದಿದ್ದೇನೆ ಎಂದು ಮಾಡಿದರು. ದಾಳಿ ಗೆದ್ದದ್ದರಿಂದ ಆ ಚೀಟಿ ಬೇಕಾಗಲಿಲ್ಲ. ಯಾರೂ ಓದದೇ ಹೋಗಬಹುದಾಗಿದ್ದ ಚೀಟಿಯಲ್ಲೂ "ಲಾಗಿದೆ"ಯನ್ನು ಹೊಡೆದುಹಾಕಿ ಇಟ್ಟುಕೊಂಡರು.

ನಿಮ್ಮ ಪ್ರಶ್ನೆ ಮರದ ಬೇರಿನದಲ್ಲ, ಆ ಗ್ಯಾಸ್ಕೆಟ್ಟಿನದು. "ಸಣ್ಣ ವಿಷಯ" ಎಂದು ಕೊನೆಯಲ್ಲಿ ಬರೆದಿದ್ದೀರಿ, ಆದರೆ ಇಡೀ ಬರಹದಲ್ಲಿ ಮಿಲಿಮೀಟರಿನ ಲೆಕ್ಕ ಕೊಟ್ಟು ಬರೆದದ್ದು ಅದೊಂದನ್ನೇ. ಎಂಟು ದಿನ ಎಣಿಸಿದವರು ನೀವೇ.

---

ನಕಾಶೆ ಬರೆದದ್ದು:

ಫೋರ್‌ಮನ್ ಅವರ ಮಾತಿಗೆ ಬಹುಪಾಲು ಒಪ್ಪಿಗೆ. ಆದರೆ ಚಾರಿತ್ರ್ಯ ಎಂಬುದನ್ನು ಒಂದೇ ಗಟ್ಟಿ ಎಂದು ಭಾವಿಸುವುದರಲ್ಲಿ ನನಗೆ ತೊಡಕು ಕಾಣುತ್ತದೆ. ದಕ್ಷಿಣ ಧ್ರುವಯಾತ್ರೆಯ ಶ್ಯಾಕಲ್‌ಟನ್ ಅವರನ್ನು ನೋಡಿ. 1915ರಲ್ಲಿ ಎಂಡ್ಯೂರೆನ್ಸ್ ಹಡಗು ಮಂಜಿನ ನಡುವೆ ನುಚ್ಚಾಯಿತು. 28 ಜನ ನೀರ್ಗಲ್ಲಿನ ಮೇಲೆ ಉಳಿದರು. ಬೆಚ್ಚನೆಯ ತುಪ್ಪಳದ ಮಲಗುಚೀಲಗಳು ಇದ್ದದ್ದು 18, ಉಳಿದ ಹತ್ತು ಬರೀ ಉಣ್ಣೆಯವು. ಚೀಟಿ ಎತ್ತಿದರು. ಚೀಟಿ ಎತ್ತಿದ್ದರಲ್ಲಿ ಏನೋ ಮೋಸ ನಡೆದಿದೆ ಎಂದು ನಾವಿಕರಿಗೇ ಅನುಮಾನ ಬಂತು, ಏಕೆಂದರೆ ಶ್ಯಾಕಲ್‌ಟನ್ ಮತ್ತು ಹಿರಿಯ ಅಧಿಕಾರಿಗಳಿಗೆಲ್ಲ ಉಣ್ಣೆಯ ಚೀಲವೇ ಬಂದಿತ್ತು, ಸಾಮಾನ್ಯ ನಾವಿಕರಿಗೆಲ್ಲ ತುಪ್ಪಳದ್ದು. ಮುಂದೆ ದೋಣಿಯಲ್ಲಿ ಹೋಗುವಾಗ ತಮ್ಮ ಕೈಗವಸನ್ನು ಕ್ಯಾಮೆರಾದ ಹರ್ಲಿ ಅವರಿಗೆ ಕೊಟ್ಟು, ತಮ್ಮ ಬೆರಳುಗಳನ್ನು ಹಿಮಕ್ಕೆ ಒಪ್ಪಿಸಿದರು. ಆ 28 ಜನರೂ ಜೀವಸಹಿತ ಮರಳಿದರು.

ಇದೇ ಯಾತ್ರೆಗೆ ಇನ್ನೊಂದು ತಂಡವಿತ್ತು ಎಂಬುದನ್ನು ನಾಯಕತ್ವದ ತರಗತಿಗಳಲ್ಲಿ ಹೇಳುವುದಿಲ್ಲ. ಖಂಡದ ಆಚೆ ಬದಿಯ ರಾಸ್ ಸಮುದ್ರದ ಕಡೆಯಿಂದ ಹೊರಟು, ಶ್ಯಾಕಲ್‌ಟನ್ ದಾಟಿ ಬರುವ ದಾರಿಯಲ್ಲಿ ಅವರಿಗಾಗಿ ಆಹಾರದ ದಾಸ್ತಾನು ಇಡಬೇಕಾದವರು. ಆ ತಂಡವನ್ನು ಸಜ್ಜುಗೊಳಿಸಲು ಸಾಕಷ್ಟು ಹಣವನ್ನೇ ಕೊಟ್ಟಿರಲಿಲ್ಲ. ಅವರ ಹಡಗು ಲಂಗರು ಕಿತ್ತು ತೇಲಿಹೋಗಿ, ಹತ್ತು ಜನ ದಡದಲ್ಲೇ ಉಳಿದರು. ಯಾರೂ ಬರದ ದಾರಿಗೆ ದಾಸ್ತಾನು ಇಟ್ಟು, ಅವರಲ್ಲಿ ಮೂವರು ಸತ್ತರು.

ಅದೇ ಮನುಷ್ಯ. ಕಣ್ಣೆದುರಿಗಿದ್ದವರಿಗೆ ಪ್ರಾಣ ಕೊಡಲು ಸಿದ್ಧ, ಕಣ್ಣಿಗೆ ಕಾಣದವರ ವಿಷಯದಲ್ಲಿ ಆಲಸಿ. ಆದ್ದರಿಂದ ಒಬ್ಬನನ್ನು ಒಳ್ಳೆಯವನು, ಕೆಟ್ಟವನು ಎಂದು ಅಳೆಯುವ ಬದಲು, ಅವನ ಒಳ್ಳೆಯತನ ಎಷ್ಟು ದೂರದವರೆಗೆ ತಲುಪುತ್ತದೆ ಎಂದು ಅಳೆಯುವುದು ನನ್ನ ಪದ್ಧತಿ. ರಾತ್ರಿಪಾಳಿಯವರೇ, ನಿಮ್ಮ ಫಿಟ್ಟರ್ ಇರುವುದು ಹತ್ತು ಹೆಜ್ಜೆ ದೂರದಲ್ಲಿ.

---

ಮಾಪಕ ಮತ್ತೆ ಬರೆದದ್ದು:

ಎಲ್ಲರೂ ಸೇರಿ ನನ್ನನ್ನು ಖಳನಾಯಕನನ್ನಾಗಿ ಮಾಡಿದ್ದೀರಿ, ಇರಲಿ. ಕ್ಲೆಮೆಂಟೀನ್ ಕಾಗದದ ವಿಷಯ ನನಗೆ ತಿಳಿದಿರಲಿಲ್ಲ. ಅದು ನನ್ನ ವಾದದ ಬುಡವನ್ನೇ ಅಲುಗಿಸಿತು ಎಂದು ಒಪ್ಪುತ್ತೇನೆ.

ನನ್ನ ಕಡೆಯವನು ಎಂದು ನಾನು ನಂಬಿದ್ದ ಕೌಟಿಲ್ಯನೂ ಕೈಕೊಟ್ಟ. ಗೂಢಚಾರರು, ವಿಷ, ಭೇದೋಪಾಯ ಎಂದೆಲ್ಲ ಯಾವ ಮುಲಾಜೂ ಇಲ್ಲದೆ ಬರೆದವನು ರಾಜನ ಪಾಠವನ್ನು ಶುರುಮಾಡುವುದು ಮಾತ್ರ ಇಂದ್ರಿಯಜಯದಿಂದ. ಅವನ ಆರು ಶತ್ರುಗಳ ಪಟ್ಟಿಯಲ್ಲಿ ನಮಗೆ ರೂಢಿಯಾದ ಮೋಹ, ಮತ್ಸರಗಳು ಇಲ್ಲ. ಕಾಮ, ಕ್ರೋಧ, ಲೋಭ, ಮದಗಳ ಜೊತೆಗೆ ಮಾನ ಮತ್ತು ಹರ್ಷ ಇವೆ. ಇವುಗಳಿಗೆ ಸಿಕ್ಕಿ ಹಾಳಾದ ರಾಜರ ಹೆಸರುಗಳನ್ನೂ ಕೊಡುತ್ತಾನೆ. ಸ್ವರ್ಗ ಸಿಗುವುದಿಲ್ಲ ಎಂದು ಹೆದರಿಸುವುದಿಲ್ಲ, ರಾಜ್ಯ ಹೋಗುತ್ತದೆ ಎಂದು ಹೆದರಿಸುತ್ತಾನೆ. ಆ ಧಾಟಿ ನನಗೆ ಇಷ್ಟ.

ಆದರೂ ಒಂದು ವ್ಯಾವಹಾರಿಕ ಮಾತು. ಮೂರು ತಿಂಗಳ ಹಳೆಯ ಮುಖ್ಯಸ್ಥ ಎಂಟು ದಿನ ತಡವಾಗಿ ಹೋಗಿ ತಪ್ಪೊಪ್ಪಿಕೊಂಡರೆ ಮೇಲಿನವರು ತಪ್ಪಿಗಿಂತ ಆ ಎಂಟು ದಿನಗಳನ್ನೇ ಹಿಡಿದುಕೊಳ್ಳುತ್ತಾರೆ. ಅದಕ್ಕೆ ಸಿದ್ಧರಾಗಿ ಹೋಗಿ. ಹೋಗಬೇಡಿ ಎನ್ನುತ್ತಿಲ್ಲ. ಸಹಿಯ ಪದ್ಧತಿಯನ್ನೂ ಮರೆಯಬೇಡಿ, ಫೋನಿನಲ್ಲಿ ಮಾತಾಡುತ್ತಾ ಕೈಸನ್ನೆ ಮಾಡುವವರಿಗೆ ಅದು ಬೇಕು.

---

ರಾತ್ರಿಪಾಳಿ ಬರೆದದ್ದು:

ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ವಂದನೆ, ಬೈದವರಿಗೂ.

ಫೋರ್‌ಮನ್ ಅವರ ಬರಹ ಓದಿದ ಮರುದಿನ ಹೋದೆ. ಹೋಗುವ ಮೊದಲು ವಾಕ್ಯವನ್ನು ತಿದ್ದಿ ಬರೆದುಕೊಂಡೆ. "150ರ ಕ್ಲಾಸಿನ ಗ್ಯಾಸ್ಕೆಟ್ ಎಂದು ಚೀಟಿ ಬರೆದವನು ನಾನು. ಫಿಟ್ಟರ್ ಅನುಮಾನದಿಂದ ಕೇಳಿದಾಗ ಹಾಕಲು ಹೇಳಿದವನೂ ನಾನು." ಎರಡು ಸಾಲು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ಸಾಲನ್ನು ಮೂರು ಸಲ ಅಳಿಸಿದೆ, ಮೊದಲನೆಯದು ಸಾಕಲ್ಲವೇ ಎಂದು.

ಮಾಪಕರು ಹೇಳಿದಂತೆಯೇ ಆಯಿತು. ಮೇಲಿನವರು ಓದಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ, "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ನನ್ನ ಬಳಿ ಉತ್ತರವಿರಲಿಲ್ಲ. ಭಯವಿತ್ತು ಎಂದೆ. ಎಚ್ಚರಿಕೆ ಪತ್ರ ಈಗ ನನ್ನ ಹೆಸರಿಗೆ ಬರುತ್ತದೆ. ಫಿಟ್ಟರ್ ಮೇಲಿನ ಕ್ರಮವನ್ನು ಕೈಬಿಟ್ಟಿದ್ದಾರೆ.

ಅಲ್ಲಿಂದ ನೇರವಾಗಿ ಫಿಟ್ಟರ್ ಬಳಿಗೆ ಹೋದೆ. ಅವರು ಒಂದು ಕಪ್ಲಿಂಗ್ ಒರೆಸುತ್ತಾ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಖುಷಿಪಡುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟು, ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ತೋರಿಸಿದರು. ಒಳಗೆ ನಾನು ಸ್ಟೋರಿಗೆ ಬರೆದುಕೊಟ್ಟ ಚೀಟಿ. 150 ಎಂಬುದು ನನ್ನದೇ ಕೈಬರಹ, ಐದರ ಬಾಲ ಎಂದಿನಂತೆ ಉದ್ದ.

"ಅವತ್ತೇ ಸ್ಟೋರಿನಿಂದ ತೆಗೆದಿಟ್ಟುಕೊಂಡೆ ಸರ್. ಎಚ್ಚರಿಕೆ ಪತ್ರ ಕೈಗೆ ಬಂದರೆ ಮೇಲೆ ಕೊಡೋಣ ಎಂದುಕೊಂಡಿದ್ದೆ. ಬರುವವರೆಗೆ ನೋಡೋಣ, ನೀವು ಏನು ಮಾಡುತ್ತೀರಿ ಎಂದು."

ಹದಿಮೂರು ಮಂದಿಗೂ ಇದು ಗೊತ್ತಿತ್ತಂತೆ. ನಾನು ದಿನಾ ಬೆಳಿಗ್ಗೆ ಅವರೆದುರು ನಿಂತು ಕೆಲಸ ಹಂಚುತ್ತಿದ್ದೆ.

---

ಹಳೆಯ ಫೋರ್‌ಮನ್ ಬರೆದದ್ದು:

ಚೀಟಿಯನ್ನು ನಿಮಗೆ ವಾಪಸು ಕೊಟ್ಟರೇ?

---

ರಾತ್ರಿಪಾಳಿ ಬರೆದದ್ದು:

ಇಲ್ಲ. ನಾನೂ ಕೇಳಲಿಲ್ಲ. ಮತ್ತೆ ಮಡಿಸಿ ಜೇಬಿಗೇ ಇಟ್ಟುಕೊಂಡರು.